ಕಾಲಮ್ಮಿಗೆ ಸಿಗದ ವಿದ್ಯೆ

ಉಮರೇಡ್ ಎಂದರೆ ನಮ್ಮ ವಾಚಕರಲ್ಲಿ ಬಹುಮಂದಿಗೆ ಗುರುತು ಹತ್ತಲಾರದು. ನಾಗಪುರದಿಂದ ಆಗ್ನೇಯಕ್ಕೆ ಸುಮಾರು 45 ಕಿಲೋಮೀಟರು ದೂರದಲ್ಲಿರುವ ತಾಲೂಕಿನ ಊರು ಇದು. ವೆಸ್ಟರ್ನ್ ಕೋಲ್‌ಫೀಲ್ಡ್ಸ್ ಸಂಸ್ಥೆಯ ತೆರೆದ ಕಲ್ಲಿದ್ದಲು ಗಣಿ ಇಲ್ಲಿದೆ. ನಮಗೆ ಗೊತ್ತಿರುವ ಕನ್ನಡದ ಮನೆಗಳನ್ನು ಎಣಿಸಲು ಎರಡು ಕೈಗಳ ಬೆರಳು ಹೆಚ್ಚಾದಾವು. ಕೇಂದ್ರ ಸರಕಾರದ ಗುಮಾಸ್ತೆಗಿರಿ ನಮ್ಮನ್ನು ಧಾರವಾಡದಿಂದ ಇಲ್ಲಿಗೆ ತಂದು ಹಾಕಿ ವರ್ಷಗಳೇ ಸಂದವು. ಇಂಥ ಮೂಲೆಯಿಂದ ಸಂಘದ ಪತ್ರಿಕೆಗೆ ಬರೆಯುವ ಧೈರ್ಯ ಮಾಡಿದ್ದೇವೆ. ಕಾರಣವಿಷ್ಟೆ: ನಮ್ಮ ಮನೆಯಲ್ಲಿ ಎದ್ದಿರುವ ಜಗಳ ನಿಮ್ಮಲ್ಲಿ ಅನೇಕರ ಮನೆಯ ಜಗಳವೂ ಆಗಿದ್ದೀತೆಂಬ ಅನುಮಾನ.

ನಮ್ಮ ಮಗ ಹನ್ನೆರಡನೆಯ ತರಗತಿ ಮುಗಿಸಿದ್ದಾನೆ. ಮೆಕಾಟ್ರಾನಿಕ್ಸ್ ಇಂಜಿನಿಯರಿಂಗ್ ಓದುತ್ತೇನೆಂದು ಹಟ ಹಿಡಿದಿದ್ದಾನೆ. ಹುಬ್ಬಳ್ಳಿಯಿಂದ ಅವನ ಸೋದರಮಾವ ಫೋನಿನಲ್ಲಿಯೇ ಗುಡುಗಿದರು: “ತಮ್ಮಾ, ಅದು ಅತ್ತ ಮೆಕ್ಯಾನಿಕಲ್ಲೂ ಅಲ್ಲ, ಇತ್ತ ಎಲೆಕ್ಟ್ರಾನಿಕ್ಸೂ ಅಲ್ಲ. ಎರಡು ದೋಣಿ ಮ್ಯಾಲೆ ಕಾಲಿಟ್ಟಾವ ಯಾವ ದಂಡಿ ಮುಟ್ಟತಾನ? ಸುಮ್ಮನ ಕಂಪ್ಯೂಟರ್ ತಗೋ.” ನಾಗಪುರದ ಕನ್ನಡ ಮಿತ್ರರೊಬ್ಬರು ಇನ್ನೂ ಮೆಲ್ಲಗೆ ಕೇಳಿದರು: “ರಾಯರೇ, ನಾಳೆ ನೌಕರಿಯ ಅರ್ಜಿಯಲ್ಲಿ ಆ ಹೆಸರನ್ನು ಯಾವ ಕಾಲಮ್ಮಿನಲ್ಲಿ ಬರೆಸುತ್ತೀರಿ?”

ಮಾವನ ಮಾತಿಗೆ ನಮ್ಮಲ್ಲಿ ಉತ್ತರವಿತ್ತು. ಮಿತ್ರರ ಮಾತಿಗೆ ಬಾಯಿ ಕಟ್ಟಿತು. ಏಕೆ ಕಟ್ಟಿತೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯಲ್ಲಿ ನೇಮಕಾತಿಯ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಯಂತ್ರಗಳ ಉಸ್ತುವಾರಿಯ ಹುದ್ದೆ. ನಿಯಮದಲ್ಲಿ ‘ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಿಕಲ್’ ಎಂದಿತ್ತು. ಒಬ್ಬ ಹುಡುಗನ ಪದವಿಪತ್ರದಲ್ಲಿ ‘ಮೆಕಾಟ್ರಾನಿಕ್ಸ್’ ಎಂದಿತ್ತು. ಅಂಕಪಟ್ಟಿ ತಿರುವಿದರೆ ಯಂತ್ರಗಳ ವಿನ್ಯಾಸ, ವಿದ್ಯುತ್ ಮೋಟಾರು, ನಿಯಂತ್ರಣ ವ್ಯವಸ್ಥೆ ಎಲ್ಲವೂ ಇದ್ದವು. ನಾವು ಬಿ.ಎಸ್ಸಿ. ಮಾಡಿದವರು, ಅಷ್ಟು ತಿಳಿಯದವರಲ್ಲ. ಮೇಲಿನವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ‘ಅರ್ಹತೆಯಿಲ್ಲ’ ಎಂದು ಷರಾ ಬರೆದು ಕಡತವನ್ನು ಮುಂದೆ ತಳ್ಳಿದೆವು. ಅಂದು ರಾತ್ರಿ ಊಟವೂ ಸೇರಿತು, ನಿದ್ರೆಯೂ ಬಂತು. ಇಂದು ಅದೇ ಷರಾ ನಮ್ಮ ಮಗನ ಹೆಸರಿನ ಮುಂದೆ ಬೀಳಬಹುದೆಂದಾಗ ನಿದ್ರೆ ಹಾರಿದೆ. ಆದುದರಿಂದ ಈ ಲೇಖನದಲ್ಲಿ ನಾವು ಮೊದಲು ಬೈಯುವುದು ನಮ್ಮನ್ನೇ. ಉಳಿದವರ ಸರದಿ ಆಮೇಲೆ.

ಮೊದಲು ವಿದ್ಯೆಯ ಮಾತು. ಮೆಕಾಟ್ರಾನಿಕ್ಸ್ ಎಂಬ ಹೆಸರು ನಿನ್ನೆ ಮೊನ್ನೆ ಯಾವುದೋ ಕಾಲೇಜಿನವರು ಜಾಹೀರಾತಿಗಾಗಿ ಕಟ್ಟಿದ್ದಲ್ಲ. ಜಪಾನಿನ ಯಾಸ್ಕಾವಾ ಕಂಪನಿಯ ಇಂಜಿನಿಯರ್ ತೆತ್ಸುರೋ ಮೋರಿ ಎಂಬವರು 1969ರಲ್ಲಿ ‘ಮೆಕ್ಯಾನಿಸಂ’ ಮತ್ತು ‘ಎಲೆಕ್ಟ್ರಾನಿಕ್ಸ್’ ಎರಡನ್ನೂ ಬೆಸೆದು ಈ ಪದವನ್ನು ಮಾಡಿದರು. ಕಂಪನಿ ಅದನ್ನು ತನ್ನ ವ್ಯಾಪಾರದ ಮುದ್ರೆಯಾಗಿ ನೋಂದಾಯಿಸಿಕೊಂಡಿತ್ತು. 1980ರ ದಶಕದಲ್ಲಿ ಆ ಹಕ್ಕನ್ನು ತಾನಾಗಿಯೇ ಬಿಟ್ಟುಕೊಟ್ಟಿತು. ಅಂದಿನಿಂದ ಅದು ಎಲ್ಲರ ಮಾತು. ಅರ್ಥ ಸರಳ: ಯಂತ್ರಕ್ಕೆ ತನ್ನ ಸ್ಥಿತಿಯನ್ನು ಅರಿಯುವ ಇಂದ್ರಿಯ, ಅರಿತದ್ದನ್ನು ತೂಗಿ ನಿರ್ಣಯಿಸುವ ಬುದ್ಧಿ, ನಿರ್ಣಯದಂತೆ ನಡೆಯುವ ಕೈಕಾಲು, ಈ ಮೂರನ್ನೂ ಒಟ್ಟಿಗೆ ಕೂಡಿಸುವ ವಿದ್ಯೆ. ನಮ್ಮ ಮನೆಯ ಬಟ್ಟೆ ಒಗೆಯುವ ಯಂತ್ರವನ್ನೇ ನೋಡಿರಿ. ನೀರಿನ ಮಟ್ಟವನ್ನು ಅಳೆಯುವುದು, ಸಾಕೆಂದು ತಿಳಿದು ನಲ್ಲಿ ಮುಚ್ಚುವುದು, ಮೋಟಾರನ್ನು ತಿರುಗಿಸುವುದು. ಇದರಲ್ಲಿ ಯಾವುದು ಮೆಕ್ಯಾನಿಕಲ್, ಯಾವುದು ಎಲೆಕ್ಟ್ರಾನಿಕ್ಸ್ ಎಂದು ಗೆರೆ ಎಳೆಯಬಲ್ಲವರು ಯಾರು?

ಗಣಿಯ ನೆರೆಯಲ್ಲಿದ್ದು ನಾವು ಕಂಡುಕೊಂಡ ಮಾತು ಇನ್ನೊಂದಿದೆ. ಕಲ್ಲಿದ್ದಲು ಸಾಗಿಸುವ ಕನ್ವೇಯರ್ ಬೆಲ್ಟಿನ ಉದ್ದಕ್ಕೂ ಅಪಾಯದಲ್ಲಿ ಎಳೆಯುವ ಹಗ್ಗದ ಸ್ವಿಚ್ಚು, ಬೆಲ್ಟು ಓರೆಯಾದರೆ ತಿಳಿಸುವ ಸ್ವಿಚ್ಚು, ವೇಗ ಕುಸಿದರೆ ಅರಿಯುವ ಸಾಧನ ಇರುತ್ತವೆ. ಇವುಗಳಲ್ಲಿ ಯಾವುದೇ ಒಂದು ‘ನಿಲ್ಲು’ ಎಂದರೂ ಬೆಲ್ಟು ನಿಲ್ಲಬೇಕು. ಈಗ ಬೆಲ್ಟು ನಿಂತಿತೆಂದು ಇಟ್ಟುಕೊಳ್ಳಿ. ಯಂತ್ರದವನು ಬಂದು ಗೇರು ಸರಿಯಿದೆ ಎಂದ. ವಿದ್ಯುತ್ತಿನವನು ಬಂದು ಕರೆಂಟು ಸರಿಯಿದೆ ಎಂದ. ದೋಷವೆಲ್ಲ ಧೂಳು ಮೆತ್ತಿದ ಒಂದು ಪುಟ್ಟ ಸಾಧನದಲ್ಲಿ! ಇಬ್ಬರೂ ತಮ್ಮ ತಮ್ಮ ಎಲ್ಲೆಯೊಳಗೆ ನಿಷ್ಪಾಪಿಗಳು. ಬೆಲ್ಟು ಮಾತ್ರ ನಿಂತೇ ಇದೆ. ಎರಡು ದೋಣಿಯೆಂದು ನಗುವ ಮಾವನವರಿಗೆ ನಮ್ಮ ಉತ್ತರ ಇದು: ದೋಣಿಗಳು ಎರಡಲ್ಲ, ಒಂದೇ. ಅದರ ಹಲಗೆಗಳನ್ನು ಬೇರೆ ಬೇರೆ ಬಡಗಿಗಳಿಗೆ ಹಂಚಿದ್ದು ನಮ್ಮ ಅಭ್ಯಾಸ.

ವಿಶ್ವೇಶ್ವರಯ್ಯನವರ ಹೆಸರು ಹೇಳದೆ ಕನ್ನಡಿಗರ ಇಂಜಿನಿಯರಿಂಗ್ ಚರ್ಚೆ ಮುಗಿಯುವುದಿಲ್ಲ. ಅವರೂ ನಮ್ಮಂತೆ ಹೊಟ್ಟೆಪಾಡಿಗೆ ಮಹಾರಾಷ್ಟ್ರಕ್ಕೆ ಬಂದವರೇ. ಪುಣೆಯಲ್ಲಿ ಓದಿ, ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸೇರಿದ ಸಿವಿಲ್ ಇಂಜಿನಿಯರು. 1903ರಲ್ಲಿ ಪುಣೆಯ ಹತ್ತಿರದ ಖಡಕವಾಸ್ಲಾ ಜಲಾಶಯಕ್ಕೆ ಅವರು ಕೂಡಿಸಿದ ಬಾಗಿಲುಗಳು, ನೀರು ಮಟ್ಟ ಮೀರಿದಾಗ ತಾವೇ ತೆರೆದು, ಇಳಿದಾಗ ತಾವೇ ಮುಚ್ಚುತ್ತಿದ್ದವು. ಎಲೆಕ್ಟ್ರಾನಿಕ್ಸಿನ ಹೆಸರೂ ಇಲ್ಲದ ಕಾಲ. ಆದರೆ ಯಂತ್ರವೇ ನೀರನ್ನು ಅರಿತು ನಡೆಯಬೇಕೆಂಬ ಆಲೋಚನೆ ಅಲ್ಲಿತ್ತು. ನಮ್ಮಂಥ ಗುಮಾಸ್ತನೊಬ್ಬ ಅಂದು ಆ ಕಡತ ನೋಡಿದ್ದರೆ ಏನು ಬರೆಯುತ್ತಿದ್ದ? ‘ಅರ್ಜಿದಾರರು ಸಿವಿಲ್, ಬಾಗಿಲಿನ ಯಂತ್ರ ಇವರ ವ್ಯಾಪ್ತಿಗೆ ಬರುವುದಿಲ್ಲ.’

ಇನ್ನು ಮಿತ್ರರ ಪ್ರಶ್ನೆ. ಅದನ್ನು ನಾವು ತಳ್ಳಿಹಾಕುವುದಿಲ್ಲ, ಅದರಲ್ಲಿ ತೂಕವಿದೆ. ಕೇಂದ್ರ ಲೋಕಸೇವಾ ಆಯೋಗದ ಇಂಜಿನಿಯರಿಂಗ್ ಸೇವಾ ಪರೀಕ್ಷೆಯಲ್ಲಿ ಶಾಖೆಗಳು ನಾಲ್ಕೇ: ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಮತ್ತು ದೂರಸಂಪರ್ಕ. ಸರಕಾರಿ ಉದ್ದಿಮೆಗಳು ನೆಚ್ಚಿಕೊಂಡಿರುವ ಗೇಟ್ ಪರೀಕ್ಷೆಯಲ್ಲಿ ಮೆಕಾಟ್ರಾನಿಕ್ಸ್ ಹೆಸರಿನ ಪ್ರತ್ಯೇಕ ಪ್ರಶ್ನೆಪತ್ರಿಕೆಯಿಲ್ಲ. ಮೆಕ್ಯಾನಿಕಲ್ಲೋ ಎಲೆಕ್ಟ್ರಿಕಲ್ಲೋ ಇನ್‌ಸ್ಟ್ರುಮೆಂಟೇಶನ್ನೋ ಆರಿಸಿ ಬರೆಯಬೇಕು. ಇದು ನಿಜ. ಆದರೆ ಪೂರ್ತಿ ನಿಜವಲ್ಲ. ಅದೇ ಸೇವಾ ಪರೀಕ್ಷೆಯ ಅರ್ಹತೆಯ ಸಾಲನ್ನು ಓದಿದರೆ, ಅಲ್ಲಿ ಮುಖ್ಯವಾಗಿ ಕೇಳಿರುವುದು ಇಂಜಿನಿಯರಿಂಗ್ ಪದವಿಯನ್ನು. ದೊಡ್ಡ ಬಾಗಿಲು ತೆರೆದಿದೆ. ಚಿಲಕ ಹಾಕಿಕೊಂಡು ಕುಳಿತಿರುವುದು ಚಿಕ್ಕ ಬಾಗಿಲುಗಳು.

ಅಷ್ಟೇ ಅಲ್ಲ. ಯಾವ ಹೆಸರಿನ ಪದವಿಯನ್ನು ಯಾವ ಮೂಲ ಶಾಖೆಗೆ ಸಂಬಂಧಿಸಿದ್ದೆಂದು ನೇಮಕಾತಿಯಲ್ಲಿ ಎಣಿಸಬೇಕೆಂಬ ಪಟ್ಟಿಯನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2017ರಲ್ಲಿ ಪ್ರಕಟಿಸಿತು. ಇಂಥ ಗೊಂದಲವಿದೆಯೆಂದು ಪರಿಷತ್ತೇ ಒಪ್ಪಿದಂತಾಯಿತಲ್ಲವೇ? ಅಂಥ ಪಟ್ಟಿಯನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡು ಅರ್ಜಿ ನೋಡುವ ಕಚೇರಿಗಳೆಷ್ಟು? ನಿಯಮಗಳನ್ನು ಬರೆದವರ ಕಾಲದಲ್ಲಿ ಈ ವಿದ್ಯೆ ಇಲ್ಲಿ ಇರಲಿಲ್ಲ. ಅದು ಅವರ ತಪ್ಪಲ್ಲ. ಯಂತ್ರಗಳು ಬದಲಾದ ಮೇಲೂ ಕಾಲಮ್ಮು ಬದಲಿಸದೆ ಕುಳಿತದ್ದು ಮಾತ್ರ ನಮ್ಮ ತಪ್ಪು. ಕಾಲಮ್ಮು ಇರುವುದು ವಿದ್ಯೆಯನ್ನು ಗುರುತಿಸಲು, ವಿದ್ಯೆಯನ್ನು ಕತ್ತರಿಸಲು ಅಲ್ಲ.

ಪಟ್ಟಿಯಲ್ಲಿ ಹೆಸರಿಲ್ಲದವರ ಸಂಕಟ ಹೊರನಾಡಿನವರಾದ ನಮಗಲ್ಲದೆ ಇನ್ನಾರಿಗೆ ಗೊತ್ತಾಗಬೇಕು? ಕರ್ನಾಟಕದ ಸಿ.ಇ.ಟಿ. ನಿಯಮಗಳಲ್ಲಿ ಹೊರನಾಡು, ಗಡಿನಾಡು ಕನ್ನಡಿಗರಿಗೆಂದು ಒಂದು ಕಲಮು ಉಂಟು. ಮಹಾರಾಷ್ಟ್ರದ ಪಾಲಿಗೆ ಅದರಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳ ಹೆಸರಿದೆ. ಅಲ್ಲಿಯ ಮಕ್ಕಳಿಗೆ ಸಿಕ್ಕಿದ್ದು ನ್ಯಾಯವೇ. ಉಮರೇಡಿನಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು ಆಡಿ ಬೆಳೆದ ಹುಡುಗ ಮಾತ್ರ ಆ ಕಲಮಿಗೆ ಕನ್ನಡಿಗನಲ್ಲ. ಹೆಸರು ಪಟ್ಟಿಯಲ್ಲಿಲ್ಲವೆಂದ ಮಾತ್ರಕ್ಕೆ ಅವನು ಕನ್ನಡಿಗನಲ್ಲವೆನ್ನಲು ನಮ್ಮ ನಾಲಿಗೆ ಏಳುವುದಿಲ್ಲ. ಹಾಗಾದರೆ ಹೆಸರು ಪಟ್ಟಿಯಲ್ಲಿಲ್ಲವೆಂದ ಮಾತ್ರಕ್ಕೆ ಇನ್ನೊಬ್ಬ ಹುಡುಗ ಇಂಜಿನಿಯರನಲ್ಲವೆಂದು ಷರಾ ಬರೆಯಲು ಕೈ ಹೇಗೆ ಎದ್ದಿತು?

ಇಷ್ಟು ಹೇಳಿದ ಮಾತ್ರಕ್ಕೆ ಮೆಕಾಟ್ರಾನಿಕ್ಸ್ ಎಂಬ ಫಲಕ ಕಂಡಲ್ಲೆಲ್ಲ ಹಣ ಸುರಿಯಿರಿ ಎಂದು ನಾವು ಹೇಳುತ್ತಿಲ್ಲ. ಮಣಿಪಾಲದಲ್ಲಿ, ಮೂಡುಬಿದಿರೆಯಲ್ಲಿ, ಬೆಂಗಳೂರಿನಲ್ಲಿ ಈ ಪದವಿಯನ್ನು ಕಲಿಸಿದ ಕಾಲೇಜುಗಳಿವೆ. ಯಾವ ಕಾಲೇಜೇ ಆಗಲಿ, ಪಾಲಕರು ಹೋಗಿ ಪ್ರಯೋಗಶಾಲೆಯ ಬಾಗಿಲು ತೆಗೆಸಿ ನೋಡಬೇಕು. ರೋಬೋಟಿಗೆ ಬಟ್ಟೆ ಹೊದಿಸಿ ಇಟ್ಟಿದ್ದಾರೆಯೋ, ಹುಡುಗರ ಕೈಗೆ ಕೊಟ್ಟಿದ್ದಾರೆಯೋ? ಕಳೆದ ವರ್ಷದ ಹುಡುಗರು ಎಲ್ಲಿ ಕೆಲಸಕ್ಕೆ ಸೇರಿದರು? ಹಿರಿಯ ವಿದ್ಯಾರ್ಥಿಗಳನ್ನೇ ಪಕ್ಕಕ್ಕೆ ಕರೆದು ಕೇಳಬೇಕು. ಹತ್ತನೆಯ ತರಗತಿ ಮುಗಿದಿದ್ದು ಕೈ ಬಿಗಿಯಿದ್ದವರು, 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಕರ್ನಾಟಕದಲ್ಲಿ ಆರಂಭವಾದ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಡಿಪ್ಲೊಮಾದಂಥ ದಾರಿಯನ್ನೂ ವಿಚಾರಿಸಬಹುದು. ಕೈಗೆ ಎಣ್ಣೆ ಹತ್ತಿಸಿಕೊಂಡು ಕಲಿತವನು ಉಪವಾಸ ಬೀಳುವುದು ಅಪರೂಪ. ಸರಕಾರಿ ನೌಕರಿಯೊಂದೇ ಗುರಿಯೆನ್ನುವ ಮಕ್ಕಳು ಮಾತ್ರ, ಪ್ರವೇಶಕ್ಕೆ ಮೊದಲೇ, ತಮಗೆ ಬೇಕಾದ ಹುದ್ದೆಯ ಹಿಂದಿನ ಪ್ರಕಟಣೆಗಳನ್ನು ಅಕ್ಷರ ಅಕ್ಷರ ಓದಲಿ. ನಾಲ್ಕು ವರ್ಷದ ಶುಲ್ಕ ಕಟ್ಟಿದ ಮೇಲೆ ಓದಿ ಫಲವಿಲ್ಲ.

ನಮ್ಮ ಸಂಘಗಳಿಗೂ ಒಂದು ಮಾತು. ಯುಗಾದಿ, ರಾಜ್ಯೋತ್ಸವ, ನಾಟಕ ಎಲ್ಲವೂ ಇರಲಿ. ವರ್ಷಕ್ಕೊಂದು ಸಂಜೆ, ಫಲಿತಾಂಶದ ದಿನಗಳಲ್ಲಿ, ಹನ್ನೆರಡನೆಯ ತರಗತಿಯ ಮಕ್ಕಳನ್ನೂ ತಂದೆತಾಯಿಗಳನ್ನೂ ಕೂಡಿಸಿರಿ. ನಮ್ಮ ಸಂಘಗಳ ಸದಸ್ಯರಲ್ಲಿ ಗುಮಾಸ್ತರು, ಇಂಜಿನಿಯರುಗಳು, ಅಧ್ಯಾಪಕರು ಎಲ್ಲರೂ ಇದ್ದಾರೆ. ಭಾಷಣ ಬೇಡ, ನಿಯಮದ ಪುಸ್ತಕ ತೆರೆದು ಕೂತರೆ ಸಾಕು. ಅದರಲ್ಲಿ ಹಳೆಯ ಕಾಲಮ್ಮು ಕಂಡರೆ ಸಂಘದ ಹೆಸರಿನಲ್ಲಿ ಸಂಬಂಧಪಟ್ಟವರಿಗೆ ಒಂದು ಮನವಿ ಹೋಗಲಿ. ಮನವಿಗಳ ಬೆಲೆ ಗುಮಾಸ್ತರಾದ ನಮಗೆ ಗೊತ್ತು. ಒಂದು ಮನವಿಯನ್ನು ಕಡತದಲ್ಲಿ ಮುಚ್ಚಿಡಬಹುದು. ಐವತ್ತು ಬಂದರೆ ಯಾರಾದರೂ ಉತ್ತರ ಬರೆಯಲೇಬೇಕಾಗುತ್ತದೆ.

ನಮ್ಮ ಮಗ ಅರ್ಜಿ ತುಂಬಿದ್ದಾನೆ. ಪಾಲಕರ ಸಹಿಯ ಜಾಗದಲ್ಲಿ ನಾವು ಸಹಿ ಹಾಕಿದ್ದೇವೆ. ಸೋದರಮಾವನ ಸಿಟ್ಟು ಇನ್ನೂ ಇಳಿದಿಲ್ಲ. ಅಂದು ನಾವು ಹಿಂದೆ ತಳ್ಳಿದ ಆ ಹುಡುಗ ಈಗ ಎಲ್ಲಿದ್ದಾನೋ, ತಿಳಿಯದು. ಅವನ ಕ್ಷಮೆ ಕೇಳುವ ದಾರಿ ನಮಗಿಲ್ಲ. ಇನ್ನು ಮುಂದೆ ಅಂಥ ಅರ್ಜಿ ನಮ್ಮ ಮೇಜಿಗೆ ಬಂದರೆ, ಷರಾ ಬರೆಯುವ ಮೊದಲು ಅಂಕಪಟ್ಟಿ ಓದಿ, ಮೇಲಿನವರಿಗೆ ಟಿಪ್ಪಣಿ ಹಾಕಿ ಕೇಳುತ್ತೇವೆ. ಇದನ್ನು ಓದುತ್ತಿರುವ ಗುಮಾಸ್ತ ಬಂಧುಗಳೂ ಅಷ್ಟನ್ನು ಮಾಡಿಯಾರೆಂಬ ಭರವಸೆ ನಮ್ಮದು.