ಹುಳುವಿನ ಒಡಲಲ್ಲಿ ಕಣಜ

ಭ್ರಮರಕೀಟನ್ಯಾಯವನ್ನು ನಮ್ಮ ವಾಚಕರು ಕೇಳಿಯೇ ಇರುವರು. ಭ್ರಮರವೆಂಬ ಕಣಜವು ಹುಳುವನ್ನು ತಂದು ಮಣ್ಣಿನ ಗೂಡಿನಲ್ಲಿ ಸೆರೆಯಿಡುವುದು. ಹುಳುವು ಭಯದಿಂದ ಅದನ್ನೇ ಧ್ಯಾನಿಸುತ್ತ ಕಡೆಗೆ ತಾನೂ ಕಣಜವಾಗುವುದೆಂದು ಹಿರಿಯರು ಹೇಳುವರು. ಧ್ಯಾನದ ಮಹಿಮೆಗೆ ಇದು ಸೊಗಸಾದ ದೃಷ್ಟಾಂತವೇ ಸರಿ. ಆದರೆ ಗೂಡಿನೊಳಗೆ ನಡೆಯುವುದು ಬೇರೆ. ಕುಟುಕಿನಿಂದ ಜಡವಾಗಿದ್ದರೂ ಜೀವದಿಂದಿರುವ ಹುಳುವನ್ನು ಕಣಜದ ಮರಿಯು ತಿಂದು ಬೆಳೆಯುವುದು. ಹೊರಬರುವುದು ಆ ಮರಿಯೇ ಹೊರತು ಹುಳುವಲ್ಲ.

ಗೂಡನ್ನೇ ಕಟ್ಟದೆ, ಹುಳುವಿನ ಒಡಲನ್ನೇ ಗೂಡಾಗಿ ಮಾಡಿಕೊಳ್ಳುವ ಕಣಜಗಳೂ ಉಂಟು. ಕೋಸನ್ನು ತಿನ್ನುವ ಬಿಳಿ ಚಿಟ್ಟೆಯ ಹುಳುವನ್ನು ಅರಸುವ ಕೊಟೇಸಿಯ ಗ್ಲಾಮೆರಾಟ ಎಂಬುದು ಅಂಥದು. ಇದರ ಉದ್ದ ಸುಮಾರು 3 ಮಿಲಿಮೀಟರು. ಇದು ಎಳೆಯ ಹುಳುವನ್ನು ಚುಚ್ಚಿ ಸಾಮಾನ್ಯವಾಗಿ 20-30 ತತ್ತಿಗಳನ್ನು ಒಳಗಿಡುವುದು. ಅವುಗಳೊಡನೆ ಒಂದು ಬಗೆಯ ವೈರಸ್ಸೂ ಒಳಹೊಕ್ಕು, ಹುಳುವಿನ ದೇಹವು ಆ ತತ್ತಿಗಳನ್ನು ನಾಶಮಾಡದಂತೆ ತಡೆಯುವುದು. ಮರಿಗಳು ಹುಳುವಿನ ರಕ್ತವನ್ನು ಹೀರಿ ಬೆಳೆಯುವುವು, ಮರ್ಮಸ್ಥಾನಗಳನ್ನು ಮುಟ್ಟವು. ಆದುದರಿಂದ ಹುಳುವು ಎಂದಿನಂತೆ ಮೇಯುತ್ತಲೇ ಇರುವುದು. ಎರಡು ಮೂರು ವಾರಗಳ ಮೇಲೆ ಮರಿಗಳು ಅದರ ಚರ್ಮವನ್ನು ಕೊರೆದು ಹೊರಬಂದು ಹಳದಿ ರೇಷ್ಮೆಯ ಗೂಡುಗಳನ್ನು ನೇಯುವುವು. ಆಶ್ಚರ್ಯವೇನೆಂದರೆ, ಹುಳುವು ಕೂಡಲೆ ಸಾಯದೆ, ತನ್ನನ್ನು ಕೊಂದವರ ಗೂಡುಗಳಿಗೆ ತನ್ನ ನೂಲನ್ನೇ ಹೊದಿಸಿ ಕಾವಲು ಕೂರುವುದುಂಟು.

ಇದರ ದಾಯಾದಿಗಳಾದ ಕಣಜಗಳನ್ನು ಕುರಿತು ಚಾರ್ಲ್ಸ್ ಡಾರ್ವಿನ್ನನು 1860ರಲ್ಲಿ ಏಸಾ ಗ್ರೇ ಎಂಬ ಸಸ್ಯಶಾಸ್ತ್ರಜ್ಞನಿಗೆ ಕಾಗದ ಬರೆದು, ದಯಾಳುವಾದ ದೇವರು ಇಂಥ ಜೀವಿಗಳನ್ನು ಬೇಕೆಂದೇ ಸೃಷ್ಟಿಸಿದನೆಂದು ನಂಬಲಾರೆನೆಂದನು. ಆ ಪ್ರಶ್ನೆಯನ್ನು ತೀರ್ಮಾನಿಸುವುದು ನಮ್ಮ ಅಳವಲ್ಲ. ಆದರೆ ಹುಳುವಿಗೆ ಮೃತ್ಯುವಾದದ್ದು ಬೆಳೆಗೆ ರಕ್ಷೆಯಾಗಿರುವುದನ್ನು ಮರೆಯಲಾಗದು. 1883ರಲ್ಲಿ ಅಮೆರಿಕದವರು ಈ ಕಣಜವನ್ನೇ ಇಂಗ್ಲೆಂಡಿನಿಂದ ತರಿಸಿ ಕೋಸಿನ ತೋಟಗಳ ಕಾವಲಿಗೆ ಬಿಟ್ಟರು.

ಗೃಹಸ್ಥರು ಇದರಿಂದ ತಿಳಿಯತಕ್ಕದ್ದೇನು? ಹಿತ್ತಲಿನ ಗಿಡದಲ್ಲಿ ಸೊರಗಿದ ಹುಳುವಿನ ಬಳಿ ಅಕ್ಕಿಕಾಳಿನಂಥ ಹಳದಿ ಅಥವಾ ಬಿಳಿಯ ಗೂಡುಗಳು ಕಂಡರೆ, ಹುಳುವಿನ ತತ್ತಿಗಳೆಂದು ಹೊಸಕಿಹಾಕಬಾರದು. ತತ್ತಿಯಿಡುವುದು ಚಿಟ್ಟೆ, ಹುಳುವು ತತ್ತಿಯಿಡದು. ಅಂಥ ಗಿಡಕ್ಕೆ ಆತುರದಿಂದ ವಿಷವನ್ನು ಎರಚಿದರೆ ಹುಳುವಿನೊಡನೆ ಅದರ ವೈರಿಯೂ ಸಾಯುವುದು. ಆ ಎಲೆಯನ್ನು ಕೆಲವು ದಿನ ಹಾಗೆಯೇ ಬಿಟ್ಟರೆ, ಮುಂದಿನ ಹುಳುಗಳನ್ನು ಹುಡುಕುವ ಕೆಲಸವನ್ನು ಕಣಜಗಳೇ ನೋಡಿಕೊಳ್ಳುವುವು.