ಹಿತ್ತಲ ತೊಂಡೆ: ಬಳ್ಳಿ ಹಬ್ಬಿಸಿ, ಮಾತ್ರೆ ಬಿಡಬೇಡಿ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿದೆ. ಈಚೆಗೆ ಈ ಗಾದೆ ತಿರುಗುಮುರುಗಾದಂತೆ ಕಾಣುತ್ತದೆ. ಹಿತ್ತಲಲ್ಲಿ ಬೆಳೆದದ್ದೆಲ್ಲವೂ ಮದ್ದೇ ಎಂದು ನಂಬುವವರು ಹೆಚ್ಚುತ್ತಿದ್ದಾರೆ. ಎರಡೂ ಅತಿರೇಕವೇ.

ಐವತ್ತೈದು ದಾಟಿದ ಗೃಹಸ್ಥರೊಬ್ಬರು ಸಕ್ಕರೆ ಕಾಯಿಲೆಗೆ ನನ್ನಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಬರಿಹೊಟ್ಟೆಯ ರಕ್ತದಲ್ಲಿ ಸಕ್ಕರೆ 130ರ ಒಳಗೇ ಇರುತ್ತಿತ್ತು. ಮೂರು ತಿಂಗಳು ಬಿಟ್ಟು ಬಂದಾಗ ಅದು 260 ಆಗಿತ್ತು. "ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ?" ಎಂದು ಕೇಳಿದೆ. ಅವರು ಮಾತಾಡಲಿಲ್ಲ. ಪಕ್ಕದಲ್ಲಿದ್ದ ಹೆಂಡತಿಯೇ, "ಎಲ್ಲಿ ಡಾಕ್ಟ್ರೇ, ಎರಡು ತಿಂಗಳಿಂದ ಬೆಳಿಗ್ಗೆ ಎದ್ದರೆ ತೊಂಡೆ ಸೊಪ್ಪಿನ ರಸ. ಮಾತ್ರೆ ಡಬ್ಬಿ ಹಾಗೇ ಇದೆ" ಎಂದರು.

ಈ ನಂಬಿಕೆ ಎಲ್ಲಿಂದಲೋ ಉದುರಿದ್ದಲ್ಲ. ನಮ್ಮ ನಾಟಿ ವೈದ್ಯದಲ್ಲಿ ತೊಂಡೆಗೆ ಹಿಂದಿನಿಂದಲೂ ಸ್ಥಾನವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ಇದನ್ನು ಪರೀಕ್ಷೆಗೂ ಒಡ್ಡಿದ್ದಾರೆ. ಹೊಸದಾಗಿ ಮಧುಮೇಹ ಪತ್ತೆಯಾಗಿದ್ದ 60 ಮಂದಿಯಲ್ಲಿ ಕೆಲವರಿಗೆ ತೊಂಡೆಯ ಸಾರ ದಿನಕ್ಕೆ 1 ಗ್ರಾಂನಂತೆ 90 ದಿನ, ಉಳಿದವರಿಗೆ ಔಷಧ ಗುಣವಿಲ್ಲದ ಹುಸಿ ಗುಳಿಗೆ ಕೊಟ್ಟು ನೋಡಿದರು. ಸಾರ ಸೇವಿಸಿದವರಲ್ಲಿ ಬರಿಹೊಟ್ಟೆಯ ಸಕ್ಕರೆ ಶೇಕಡಾ 16ರಷ್ಟು, ಊಟದ ನಂತರದ ಸಕ್ಕರೆ ಶೇಕಡಾ 18ರಷ್ಟು ಇಳಿಯಿತು. ಈ ವರದಿ 2008ರಲ್ಲಿ ಪ್ರಕಟವಾಯಿತು.

ಇದು ಸಂತೋಷದ ಸುದ್ದಿಯೇ. ಆದರೆ ಪೂರ್ತಿ ಓದಬೇಕು. ಅವರೆಲ್ಲ ಕಾಯಿಲೆಯ ಮೊದಲ ಹಂತದಲ್ಲಿದ್ದು, ಇನ್ನೂ ಮಾತ್ರೆ ಬೇಕಾಗಿರದಿದ್ದವರು. ಕೊಟ್ಟಿದ್ದು ಅಳತೆ ಮಾಡಿ ತಯಾರಿಸಿದ ಸಾರವೇ ಹೊರತು, ಬೇಲಿಯಿಂದ ಕಿತ್ತು ಅರೆದ ಒಂದು ಹಿಡಿ ಸೊಪ್ಪಲ್ಲ. ಮೇಲಾಗಿ ಲೆಕ್ಕ ಹಾಕಿ ನೋಡಿ. ನಮ್ಮ ಗೃಹಸ್ಥರ 260 ಅದೇ ಪ್ರಮಾಣದಲ್ಲಿ ಇಳಿದರೂ 218ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಷ್ಟು ಸಕ್ಕರೆ ವರ್ಷಗಟ್ಟಲೆ ರಕ್ತದಲ್ಲಿದ್ದರೆ ಕಣ್ಣು, ಮೂತ್ರಪಿಂಡ, ಕಾಲಿನ ನರಗಳು ಸದ್ದಿಲ್ಲದೆ ಹಾಳಾಗುತ್ತವೆ. ಮಾತ್ರೆಯ ಜೊತೆಗೇ ಇಂಥ ರಸವನ್ನೂ ಕುಡಿಯುವವರು ಇನ್ನೊಂದು ಅಪಾಯ ತಿಳಿದಿರಬೇಕು. ಕೆಲವರಲ್ಲಿ ಸಕ್ಕರೆ ಅಗತ್ಯಕ್ಕಿಂತ ಕೆಳಗಿಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ವೈದ್ಯರಿಗೆ ಹೇಳದೆ ರಸ ಕುಡಿಯುವುದು ಸಲ್ಲದು.

ಹಾಗಾದರೆ ತೊಂಡೆ ಬೇಡವೇ? ಖಂಡಿತ ಬೇಕು, ಆದರೆ ತರಕಾರಿಯಾಗಿ. ತೊಂಡೆಕಾಯಿಯಲ್ಲಿ ಶೇಕಡಾ 90ಕ್ಕೂ ಹೆಚ್ಚು ನೀರು. 100 ಗ್ರಾಂ ಕಾಯಿಯಿಂದ ಸಿಗುವುದು ಸುಮಾರು 20 ಕ್ಯಾಲೊರಿ ಮಾತ್ರ. ಅಷ್ಟೇ ತೂಕದ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದೆ. ತಟ್ಟೆಯಲ್ಲಿ ಅನ್ನ ಇಳಿದು ಪಲ್ಯ ಏರಿದರೆ ಸಕ್ಕರೆ ಹತೋಟಿಗೆ ಬರುವುದು ಸುಲಭ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಎಷ್ಟು ಮನೆಗಳಲ್ಲಿ ಅಷ್ಟು ತಿನ್ನುತ್ತೇವೆ? ತೊಂಡೆಕಾಯಿ ತಿಂದರೆ ಬುದ್ಧಿ ಮಂದವಾಗುತ್ತದೆಂದು ಮಕ್ಕಳಿಗೆ ಬಡಿಸದವರೂ ಇದ್ದಾರೆ. ಈ ಭಯಕ್ಕೆ ಆಧಾರವಿಲ್ಲ.

ಮನೆಯಲ್ಲಿ ಬೆಳೆಸಲು ಇಷ್ಟು ಸುಲಭದ ಬಳ್ಳಿ ಮತ್ತೊಂದಿಲ್ಲ. ಬಿಸಿಲು, ನೀರಿನ ಕೊರತೆ ಯಾವುದಕ್ಕೂ ಅಷ್ಟು ಬೇಗ ಸೋಲದು. ಹವಾಯಿ ದ್ವೀಪಗಳಲ್ಲಿ ಇದು ಕಾಡು ಮರಗಳ ಮೇಲೆಲ್ಲ ಹಬ್ಬಿ ಕಾಟ ಕೊಡುವ ಕಳೆಯಾಗಿದೆ ಎಂದರೆ ಇದರ ಗಟ್ಟಿತನ ಊಹಿಸಬಹುದು.

ತೊಂಡೆಯಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಬೀಜ ಹಾಕಿದರೆ ಕಾಯಿ ಬಿಡದ ಗಂಡು ಬಳ್ಳಿಯೂ ಬರಬಹುದು, ಕಾಯಿ ಕಹಿಯೂ ಆಗಬಹುದು. ಆದ್ದರಿಂದ ಚೆನ್ನಾಗಿ ಕಾಯಿ ಬಿಡುವ ನೆರೆಮನೆಯ ಬಳ್ಳಿಯಿಂದ, ಪೆನ್ಸಿಲ್ ದಪ್ಪದ, ಮೂರು ನಾಲ್ಕು ಗೆಣ್ಣುಗಳಿರುವ ಒಂದಡಿ ಉದ್ದದ ತುಂಡು ತನ್ನಿ. ಮಳೆಗಾಲದ ಆರಂಭ ನೆಡಲು ಒಳ್ಳೆಯ ಕಾಲ. ಗುಂಡಿಗೆ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಿ. ನೀರು ನಿಲ್ಲಬಾರದು. ಹಿತ್ತಲಿಲ್ಲದವರು ತಾರಸಿಯ ಮೇಲೆ, ತಳದಲ್ಲಿ ತೂತು ಮಾಡಿದ ಹಳೆಯ ಡ್ರಮ್ಮಿನಲ್ಲಿ ಬೆಳೆಸಬಹುದು. ಅಕ್ಕಿ, ಬೇಳೆ ತೊಳೆದ ನೀರೂ ಅದಕ್ಕೆ ಸಲ್ಲುತ್ತದೆ.

ಚಪ್ಪರಕ್ಕೆ ಹಬ್ಬಿಸಿದರೆ ಎರಡು ಮೂರು ತಿಂಗಳಲ್ಲಿ ಕಾಯಿ ಶುರು. ಮೂರು ನಾಲ್ಕು ದಿನಕ್ಕೊಮ್ಮೆ ಎಳೆಯದಾಗಿದ್ದಾಗಲೇ ಕೀಳಬೇಕು. ಬಲಿತರೆ ಒಳಗೆ ಕೆಂಪಾಗಿ ಹುಳಿಯಾಗುತ್ತದೆ. ವರ್ಷಕ್ಕೊಮ್ಮೆ ಹಳೆಯ ಹಂಬು ಸವರಿ ಗೊಬ್ಬರ ಕೊಟ್ಟರೆ ಮತ್ತೆ ಚಿಗುರುತ್ತದೆ. ಹಣ್ಣುನೊಣ ಚುಚ್ಚಿದ ಕಾಯಿಗಳನ್ನು ಆಗಿಂದಾಗ್ಗೆ ಕಿತ್ತು ಆಳವಾಗಿ ಹೂತರೆ ಕಾಟ ತಗ್ಗುತ್ತದೆ. ಮನೆಬಳ್ಳಿಗೆ ವಿಷ ಸಿಂಪಡಿಸುವ ಅಗತ್ಯವೇ ಬೀಳದು. ಪೇಟೆಯ ತರಕಾರಿಯನ್ನು ಎಷ್ಟು ತೊಳೆದರೂ ಒಳಗೆ ಇಳಿದ ಕೀಟನಾಶಕ ಹೋಗುವುದಿಲ್ಲ. ಮನೆಯ ಕಾಯಿಗೆ ಆ ಚಿಂತೆಯಿಲ್ಲ.

ಅಡುಗೆಯಲ್ಲೂ ಸ್ವಲ್ಪ ಎಚ್ಚರ ಬೇಕು. ಎಣ್ಣೆಯಲ್ಲಿ ಗರಿಗರಿಯಾಗಿ ಕರಿದರೆ ತೊಂಡೆಯ ಹಗುರತನವೆಲ್ಲ ಎಣ್ಣೆಗೆ ಬಲಿ. ಕರಾವಳಿಯವರು ಮನೋಳಿ, ತೆಂಡ್ಲೆ ಎಂದು ಕರೆದು ಮಾಡುವ ಪಲ್ಯದಂತೆ, ಸಾಸಿವೆ ಒಗ್ಗರಣೆಯಲ್ಲಿ ಮುಚ್ಚಿಟ್ಟು ಬೇಯಿಸಿ, ಮೇಲೆ ಒಂದಿಷ್ಟು ಕಾಯಿತುರಿ ಹಾಕಿದರೆ ಸಾಕು.

ನಮ್ಮ ಗೃಹಸ್ಥರು ಮತ್ತೆ ಮಾತ್ರೆ ಹಿಡಿದರು. ಬಳ್ಳಿ ಕಿತ್ತುಹಾಕಲೇ ಎಂದು ಕೇಳಿದರು. ಬೇಡವೆಂದೆ. ಬೆಳಿಗ್ಗೆ ಅದಕ್ಕೆ ನೀರು ಹಾಕುವುದು, ಬಗ್ಗಿ ಎದ್ದು ಕಾಯಿ ಕೀಳುವುದು, ಮಧ್ಯಾಹ್ನ ಅದನ್ನೇ ಪಲ್ಯ ಮಾಡಿ ಉಣ್ಣುವುದು, ಇವೆಲ್ಲ ಆರೋಗ್ಯಕ್ಕೆ ಒಳ್ಳೆಯವೇ. ಹಿತ್ತಲ ಬಳ್ಳಿ ಊಟದ ತಟ್ಟೆಗೆ ಬರಲಿ. ಮಾತ್ರೆಯ ಡಬ್ಬಿ ಅದರ ಜಾಗದಲ್ಲಿಯೇ ಇರಲಿ.