ಮಕ್ಕಳ ತಟ್ಟೆಗೆ ಊರಿನ ರುಚಿ

ವಿಶಾಖಪಟ್ಟಣ, ವಿಜಯವಾಡದ ಸರ್ಕಾರಿ ಶಾಲೆಗಳ ಬಿಸಿಯೂಟದಲ್ಲಿ ದಿನವೂ ಅದೇ ಅನ್ನ, ಅದೇ ಸಾರು ಇರುವುದಿಲ್ಲ. ಆಂಧ್ರಪ್ರದೇಶ 2020ರಲ್ಲಿ ವಾರದ ಅಡುಗೆಪಟ್ಟಿ ಬದಲಿಸಿ ಪುಳಿಯೋಗರೆ, ಸಿಹಿ ಪೊಂಗಲ್, ಮೊಟ್ಟೆ, ಚಿಕ್ಕಿಗಳಿಗೆ ಜಾಗ ಕೊಟ್ಟಿತು. 2023ರಲ್ಲಿ ಬೆಲ್ಲದ ರಾಗಿ ಅಂಬಲಿ ಸೇರಿತು. 2025ರಲ್ಲಿ ರಾಜ್ಯವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಆಯಾ ಸೀಮೆಯ ರುಚಿಗೆ ತಕ್ಕ ಪಟ್ಟಿ ತಂದಿತು.



ಹೀಗೆ ಬಿಸಿಯೂಟದಲ್ಲಿ ಬಗೆಬಗೆಯ ರುಚಿ ತಂದದ್ದು ಮೆಚ್ಚಬೇಕಾದ ನಡೆ. ಹೊಸ ರುಚಿ ಮಗುವಿಗೆ ಒಗ್ಗಲು ಹಲವು ಬಾರಿ ಸವಿಯಬೇಕು. ಗೆಳೆಯರ ಪಂಕ್ತಿಯಲ್ಲಿ ಆ ಅಭ್ಯಾಸ ಸಲೀಸು. ಕರ್ನಾಟಕದ ಬಿಸಿಯೂಟದಲ್ಲೂ ಮೊಟ್ಟೆ, ರಾಗಿ ಮಾಲ್ಟ್ ಬಂದಿವೆ. ಇದೇ ರೀತಿ ಇಲ್ಲೂ ಮಂಡ್ಯದ ಮಕ್ಕಳಿಗೆ ಮುದ್ದೆ–ಬಸ್ಸಾರು, ಕಲಬುರಗಿಯವರಿಗೆ ಜೋಳದ ರೊಟ್ಟಿ–ಪುಂಡಿಪಲ್ಯ ವಾರಕ್ಕೊಮ್ಮೆಯಾದರೂ ಸಿಗುವಂತೆ ಶಿಕ್ಷಣ ಇಲಾಖೆ ಜಿಲ್ಲಾವಾರು ಪಟ್ಟಿ ರೂಪಿಸಲಿ; ಅಡುಗೆ ಸಿಬ್ಬಂದಿಗೆ ಅದಕ್ಕೆ ಬೇಕಾದ ಹಣ, ನೆರವು ಒದಗಿಸಲಿ.